ಒಗ್ಗರಣೆಯಿಲ್ಲದ ಬುತ್ತಿ

ಮನೆ ಬಿಟ್ಟು ಕಾಲೇಜಿಗೆ ಹೋದವರು ತಮ್ಮ ಕಾಲ ಮೇಲೆ ತಾವು ನಿಲ್ಲುವುದನ್ನು ಕಲಿಯುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನಾನೇನೂ ನಿಲ್ಲಲಿಲ್ಲ. ಹಳಿಯಾಳದಲ್ಲಿ ಡಿಗ್ರಿಯ ಮೊದಲ ವರ್ಷವನ್ನು ನಾನು ಕಳೆದದ್ದು ಮಳಗಿ ಹತ್ತಿರದ ನಮ್ಮೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ರೊಟ್ಟಿಯ ಮೇಲೆ. ಆ ವರ್ಷವೇ ಅವ್ವ ಹಾಸಿಗೆ ಹಿಡಿದಳು, ಆ ವರ್ಷವೇ ತೀರಿಕೊಂಡಳು. ಅವಳ ಬೇನೆ ನನಗೆ ಗೊತ್ತಾಗಬಾರದೆಂದು ಮನೆಯವರು, ಓಣಿಯವರು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹಾಕಿಸಿದವಳು ಅವ್ವನೇ. ಕೊನೆಯ ಸಲ ಅವಳ ಮುಖ ನೋಡುವುದು ನನ್ನ ಹಣೆಯಲ್ಲಿತ್ತೋ ಇಲ್ಲವೋ ಎಂಬುದು ಒಂದು ಡಬ್ಬಿ ಬೇಳೆಯಿಂದ ತೀರ್ಮಾನವಾಯಿತು. ಅದನ್ನು ಬರೆಯಲು ಕೂತಿದ್ದೇನೆ.

ನಮ್ಮ ಕಡೆ ಪ್ಯಾಟೆಯಲ್ಲಿ ಓದುವ ಮಕ್ಕಳಿಗೆ ಮನೆಯಿಂದ ಬುತ್ತಿ ಬರುತ್ತದೆ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಬೇಳೆ, ಒಂದು ಪಲ್ಯ, ಗುರೆಳ್ಳು ಚಟ್ನಿಪುಡಿ. ಬೆಳಗಿನ ಬಸ್ಸಿನಲ್ಲಿ ಡ್ರೈವರನ ಪಕ್ಕ ಇಟ್ಟುಬಿಟ್ಟರೆ ಮುಗಿಯಿತು, ಮಧ್ಯಾಹ್ನ ಊಟದ ಹೊತ್ತಿಗೆ ಅದು ಮಕ್ಕಳ ಕೈ ಸೇರುತ್ತದೆ. ಇದಕ್ಕೆ ಟಿಕೆಟ್ಟಿಲ್ಲ, ರಸೀದಿಯಿಲ್ಲ. ಕಂಡಕ್ಟರ್ ನಾಲ್ಕು ಮಾತು ಬೈದಾನು, ಆದರೆ ಒಂದು ಗಂಟನ್ನೂ ಬಿಟ್ಟು ಬಂದವನಲ್ಲ. ಮಧ್ಯಾಹ್ನ ಹಳಿಯಾಳದ ಸ್ಟ್ಯಾಂಡಿನಲ್ಲಿ ನಾವು ಒಂದಷ್ಟು ಹುಡುಗ ಹುಡುಗಿಯರು ಬಸ್ಸಿನ ಹಾದಿ ಕಾಯುತ್ತ ನಿಂತಿರುತ್ತಿದ್ದೆವು. ಕ್ಲಾಸಿನಲ್ಲಿ ಇಂಗ್ಲಿಷು ಬಾರದೆ ತಲೆ ತಗ್ಗಿಸಿ ಕೂತವರೆಲ್ಲ ಅಲ್ಲಿ ಮಾತ್ರ ಧೈರ್ಯವಾಗಿ ಮಾತಾಡುತ್ತಿದ್ದೆವು.

ನನ್ನ ಬುತ್ತಿಗೆ ಇನ್ನೊಂದು ಹೊಟ್ಟೆಯೂ ಇತ್ತು. ಜೊತೆಗೆ ರೂಮು ಮಾಡಿಕೊಂಡಿದ್ದ ಗೆಳತಿ ಜೋಯಿಡಾ ಕಡೆಯವಳು, ಮನೆಮಾತು ಕೊಂಕಣಿ. ಅವಳ ಹಳ್ಳಿಗೆ ಬಸ್ಸೇ ಸರಿಯಾಗಿ ಇರಲಿಲ್ಲ, ಬುತ್ತಿ ಎಲ್ಲಿಂದ ಬರಬೇಕು? ನಾವಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಅನ್ನ ಮೀನಿನ ಸಾರು ಉಂಡು ಬೆಳೆದವಳಿಗೆ ಮೊದಮೊದಲು ಗಟ್ಟಿ ರೊಟ್ಟಿ ಗಂಟಲಿಗಿಳಿಯುತ್ತಿರಲಿಲ್ಲ. ದೀಪಾವಳಿ ಬರುವಷ್ಟರಲ್ಲಿ ನನಗಿಂತ ಒಂದು ರೊಟ್ಟಿ ಹೆಚ್ಚು ತಿನ್ನತೊಡಗಿದಳು. ನಾನು ರೇಗಿಸಿದರೆ, "ನಿಮ್ಮವ್ವ ನನ್ನ ಸಲುವಾಗೇ ಕಳಸ್ತಾಳ, ನಿನಗೇನ ಗೊತ್ತು" ಎನ್ನುತ್ತಿದ್ದಳು. ಅವ್ವನಿಗೆ ಹೇಳಿದೆ. ಮುಂದಿನ ಬುತ್ತಿಯಿಂದ ಗಂಟು ದೊಡ್ಡದಾಯಿತು.

ಅವ್ವನ ರೊಟ್ಟಿ ಎಂದರೆ ಅದನ್ನು ಬೆಳಕಿಗೆ ಹಿಡಿಯಬಹುದಿತ್ತು, ಅಷ್ಟು ತೆಳು. ದೀಪಾವಳಿ ಕಳೆದ ಮೇಲೆ ರೊಟ್ಟಿಯ ಅಂಚು ದಪ್ಪವಾಯಿತು. ಬೇಳೆಯ ಉಪ್ಪು, ಖಾರ ಅವ್ವನದೇ, ರೊಟ್ಟಿಯ ಬಡಿತ ಮಾತ್ರ ಬೇರೆ. ಫೋನಿನಲ್ಲಿ ಕೇಳಿದೆ.

"ಯವ್ವಾ, ರೊಟ್ಟಿ ದಪ್ಪ ಆಗ್ಯಾವಲ್ಲ, ಯಾಕ?"

"ಹೊಸಾ ಜ್ವಾಳ ಐತಿ, ಜಿಗಿ ಕಡಿಮಿ," ಅಂದಳು. ಮಾತಿನ ನಡುವೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಹಿತ್ತಲಿಗೆ ಅವಸರದಲ್ಲಿ ಬಂದಿದ್ದಾಳೆ ಅಂದುಕೊಂಡೆ.

ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ ಬರುವುದಿಲ್ಲ. ಹಿತ್ತಲ ಪೇರಲ ಗಿಡದ ಕೆಳಗೆ ನಿಂತರೆ ಅಷ್ಟಿಷ್ಟು ಸಿಗುತ್ತದೆ. ಬರಬರುತ್ತ ಆ ಗಿಡದ ಕೆಳಗೆ ಅಪ್ಪ ಒಬ್ಬನೇ ನಿಲ್ಲತೊಡಗಿದ. ಅವ್ವ ಎಲ್ಲಿ ಎಂದರೆ ಹೊಲಕ್ಕೆ ಹೋಗ್ಯಾಳ, ಮದುವಿಗೆ ಹೋಗ್ಯಾಳ, ಸಂಘದ ಮೀಟಿಂಗಿಗೆ ಹೋಗ್ಯಾಳ. ನಾನೇ ಊರಿಗೆ ಬರುತ್ತೇನೆ ಎಂದರೆ, ಪರೀಕ್ಷಾ ಮುಗಿಸಿಕೊಂಡ ಬಾ ಎನ್ನುತ್ತಿದ್ದ. ಊರಮಂದಿ ಮದುವೆಗೆಲ್ಲ ಹೋಗಲು ಪುರಸೊತ್ತು ಐತಿ, ನನ್ನ ಜೊತೆ ಮಾತಾಡಲು ಇಲ್ಲ ಎಂದು ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ. ಆದರೆ ವಾರಕ್ಕೆರಡು ಸಲ ಬುತ್ತಿ ತಪ್ಪದೆ ಬರುತ್ತಿತ್ತು. ಬುತ್ತಿ ಬಂತೆಂದರೆ ಮನೆ ನೆಟ್ಟಗಿದೆ ಎಂದೇ ಅರ್ಥ. ಹಾಗೆ ನಂಬಿದವಳು ನಾನೊಬ್ಬಳೇ ಅಲ್ಲ, ಆ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ಎಲ್ಲರೂ ಹಾಗೇ ನಂಬಿದ್ದೆವು.

ಅವ್ವನ ಹೊಟ್ಟೆಯಲ್ಲಿ ಗಂಟು ಬೆಳೆದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಬಂದದ್ದು ತಡವಾಯಿತು, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅವ್ವ ತನ್ನ ಹಾಸಿಗೆಯನ್ನು ಅಡುಗೆಮನೆಗೆ ಹಾಕಿಸಿಕೊಂಡಿದ್ದಳಂತೆ. ಎದುರುಮನೆಯ ಕಾಕಿ ನಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ಅವ್ವ ಮಲಗಿದಲ್ಲಿಂದಲೇ ಹಿಟ್ಟು ಮುಟ್ಟಿ ನೋಡುವುದು, ಬೇಳೆಯನ್ನು ಅಂಗೈಗೆ ಹಾಕಿಸಿಕೊಂಡು ನಾಲಿಗೆಗೆ ಮುಟ್ಟಿಸಿ ಇನ್ನಷ್ಟು ಹುಳಿ ಬೇಕು ಎನ್ನುವುದು. ತನಗೆ ಗಂಜಿ ಇಳಿಯದಿದ್ದ ದಿನಗಳಲ್ಲೂ ಅವಳು ನನ್ನ ಬೇಳೆಯ ಉಪ್ಪು ನೋಡುತ್ತಿದ್ದಳು. ಇದನ್ನು ನೆನೆದಾಗ ನನಗೆ ಅಳು ಬರುವುದಕ್ಕಿಂತ ಮೊದಲು ಕೋಪ ಬರುತ್ತದೆ. ಆ ಒಲೆಯ ಮುಂದೆ ಕೂರಬೇಕಾದವಳು ನಾನು. ಯಾರು ಕೇಳಿದ್ದರು ಇವರನ್ನು, ನನ್ನನ್ನು ಹೀಗೆ ಕಾಪಾಡಿ ಎಂದು?

ಅವ್ವನಿಗೂ ಅವಳದೇ ಕಾರಣವಿತ್ತು. ಅವಳು ಏಳನೇ ಇಯತ್ತೆಯ ಪರೀಕ್ಷೆ ಬರೆಯುತ್ತಿದ್ದಾಗ ಅವಳ ಅಪ್ಪ ಸತ್ತ. ಪರೀಕ್ಷೆಯ ಖೋಲಿಯಿಂದ ಎಬ್ಬಿಸಿಕೊಂಡು ಹೋದರು. ದಿನಕರ್ಮ ಮುಗಿಯಿತು, ಶಾಲೆಯೂ ಮುಗಿಯಿತು. ಬರೆಯುತ್ತಿದ್ದ ಪ್ರಶ್ನೆ ಯಾವುದೆಂದು ಅವಳಿಗೆ ನೆನಪಿತ್ತು, ಉತ್ತರವೂ ನೆನಪಿತ್ತು. ನನ್ನನ್ನು ಹಳಿಯಾಳಕ್ಕೆ ಕಳಿಸುವಾಗ ಬಟ್ಟೆ ಮಡಿಚುತ್ತ ಅದನ್ನೇ ಹೇಳಿದ್ದಳು. "ಮನ್ಯಾಗ ಏನರ ಆಗಲಿ, ನೀ ಪರೀಕ್ಷಾ ಬಿಟ್ಟು ಏಳಬ್ಯಾಡ. ಒಮ್ಮೆ ಎದ್ದರ ತಿರುಗಿ ಕುಂಡ್ರಾಕ ಆಗೂದಿಲ್ಲ." ನಾನು ಹೂಂ ಅಂದಿದ್ದೆ. ಹೊಸ ಊರು, ಹೊಸ ಚಪ್ಪಲಿ, ಅವ್ವ ಏನು ಹೇಳಿದ್ದರೂ ಹೂಂ ಅನ್ನುತ್ತಿದ್ದೆ.

ವರ್ಷದ ಕೊನೆಯ ಪರೀಕ್ಷೆ ಶುರುವಾಗಿತ್ತು. ಆ ದಿನ ಮಧ್ಯಾಹ್ನ ಎರಡಕ್ಕೆ ಇತಿಹಾಸದ ಪೇಪರು. ನಾನು ಎಂದಿನಂತೆ ಸ್ಟ್ಯಾಂಡಿಗೆ ಹೋಗಿ ಬುತ್ತಿ ತಂದೆ. ಗಂಟು ಕಟ್ಟಿದ ಬಟ್ಟೆ ಅದೇ, ಡಬ್ಬಿ ಅದೇ. ಗೆಳತಿ ತಾಟು ಹಾಕಿ, ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮೊದಲ ತುತ್ತು ಬಾಯಿಗಿಟ್ಟಿದ್ದಳು.

"ಇವತ್ತ ನಿಮ್ಮವ್ವ ಒಗ್ಗರಣಿ ಮರತಾಳ ನೋಡು," ಅಂದಳು. "ಬರೇ ಬ್ಯಾಳಿ ಕುದಿಸಿ ಕಳಿಸ್ಯಾಳ."

ನಾನು ಡಬ್ಬಿ ನೋಡಿದೆ. ಹಳದಿ ಬೇಳೆ. ಒಂದು ಸಾಸಿವೆ ಕಾಳಿಲ್ಲ, ಒಂದು ಕರಿಬೇವಿನ ಎಲೆಯಿಲ್ಲ, ಎಣ್ಣೆಯ ಒಂದು ಹನಿ ತೇಲುತ್ತಿರಲಿಲ್ಲ.

ನಮ್ಮೂರಿನಲ್ಲಿ ಯಾರಾದರೂ ಸತ್ತರೆ ಆ ದಿನ ಆ ಮನೆಯ ಒಲೆ ಹೊತ್ತಿಸುವುದಿಲ್ಲ. ಅಕ್ಕಪಕ್ಕದವರು ಅಡುಗೆ ಮಾಡಿ ತಂದುಕೊಡುತ್ತಾರೆ. ಹಾಗೆ ತಂದುಕೊಡುವ ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ. ಎಣ್ಣೆ ಚುಂಯ್ ಎನ್ನುವ ಸದ್ದು, ಆ ವಾಸನೆ, ಅದು ನಗುವ ಮನೆಯದು. ಚಿಕ್ಕಂದಿನಿಂದ ಎಷ್ಟೋ ಮನೆಗೆ ಕಾಕಿಯ ಹಿಂದೆ ಇಂಥ ಬೇಳೆಯ ಪಾತ್ರೆ ಹೊತ್ತು ಹೋದವಳು ನಾನು. ಒಗ್ಗರಣೆ ಮರೆಯುವ ಹೆಂಗಸು ನಮ್ಮೂರಿನಲ್ಲಿ ಇಲ್ಲ. ಅದನ್ನು ಬಿಡಬೇಕಾದಾಗ ಮಾತ್ರ ಬಿಡುತ್ತಾರೆ.

ಮುಂದೆ ಯಾವಾಗಲೋ ಕಾಕಿಯನ್ನು ಕೇಳಿದೆ, ಆ ದಿನ ಯಾಕೆ ಹಾಗೆ ಮಾಡಿದಿ ಎಂದು. ಬೆಳಗಿನ ಜಾವ ಅವ್ವ ಹೋಗಿದ್ದಾಳೆ. ಬುತ್ತಿ ತಪ್ಪಿದರೆ ನನಗೆ ಸಂಶಯ ಬರುತ್ತದೆ, ಪರೀಕ್ಷೆ ಮುಗಿಯಲಿ ಎಂದು ಅಪ್ಪನೇ ಕಾಕಿಗೆ ಹೇಳಿದ್ದಾನೆ. ಕಾಕಿ ತನ್ನ ಮನೆಯ ಒಲೆಯ ಮೇಲೆ ಬೇಳೆ ಇಟ್ಟಿದ್ದಾಳೆ. "ಬಾಯಿ ಬಿಡೂದಿಲ್ಲಂತ ನಿಮ್ಮವ್ವಗ ಮಾತು ಕೊಟ್ಟಿದ್ನಿ, ಬಿಡಲಿಲ್ಲ," ಅಂದಳು ಕಾಕಿ. "ಆದರ ನೀನೂ ಆ ಮನೀ ಮಗಳ ಅಲ್ಲೇನ? ಹಡೆದಾಕಿ ಹೆಣ ಆಗಿ ಅಂಗಳದಾಗ ಕುಂತಾಗ ನಿನ್ನ ಬ್ಯಾಳಿಗೆ ಒಗ್ಗರಣಿ ಹೆಂಗ ಹಾಕ್ಲಿ? ಕೈ ಏಳಲಿಲ್ಲ ನೋಡವ್ವಾ."

ನಾನು ತಾಟಿನ ಮುಂದಿನಿಂದ ಎದ್ದೆ. ಗೆಳತಿಗೆ ಹೇಳಿದೆ, ಅವ್ವ ಹೋಗಿದ್ದಾಳೆ ಎಂದು. ಅವಳು ನನ್ನನ್ನು ಹುಚ್ಚು ಹಿಡಿದವರನ್ನು ನೋಡುವಂತೆ ನೋಡಿದಳು.

"ಫೋನ್ ಬಂತೇನ?"

"ಇಲ್ಲ."

"ಮತ್ತ? ಬ್ಯಾಳ್ಯಾಗ ಸಾಸವಿ ಇಲ್ಲಂತ ಯಾರರ ಪರೀಕ್ಷಾ ಬಿಡ್ತಾರೇನ? ಮೊದಲ ಫೋನ್ ಹಚ್ಚು."

ಹಚ್ಚಲಿಲ್ಲ. ಹಚ್ಚಿದರೆ ಅಪ್ಪ ಪೇರಲ ಗಿಡದ ಕೆಳಗೆ ಬಂದು, ಅವ್ವ ಹೊಲಕ್ಕೆ ಹೋಗ್ಯಾಳ ಎನ್ನುತ್ತಾನೆ. ಇಷ್ಟು ತಿಂಗಳ ಮದುವೆಗಳು, ಮೀಟಿಂಗುಗಳು, ಹೊಸ ಜೋಳ, ಎಲ್ಲ ಒಮ್ಮೆಲೇ ನನಗೆ ತಿಳಿದುಹೋಗಿತ್ತು. ಅವನ ಬಾಯಿಂದ ಇನ್ನೊಂದು ಸುಳ್ಳು ಕೇಳುವ ಶಕ್ತಿ ನನಗಿರಲಿಲ್ಲ. ನಮ್ಮಲ್ಲಿ ಹೂಳುತ್ತಾರೆ, ಹೊತ್ತು ಮುಳುಗುವುದರೊಳಗೆ. ಬುತ್ತಿ ತಂದ ಬಸ್ಸು ಡ್ರೈವರನ ಊಟವಾದ ಮೇಲೆ ನಮ್ಮೂರಿನ ಕಡೆಗೇ ಹೊಳ್ಳಿ ಹೋಗುತ್ತದೆ. ಅದು ತಪ್ಪಿದರೆ ಅವ್ವನ ಮುಖ ನೋಡುವುದು ಇಲ್ಲ. ಗೆಳತಿ ಬಾಗಿಲಿಗೆ ಅಡ್ಡ ನಿಂತಳು. ಪೇಪರ್ ಬರೆದು ಹೋಗು, ನಾನೂ ಬರುತ್ತೇನೆ ಎಂದು ಗೋಗರೆದಳು. ಕೊನೆಗೆ ನನ್ನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟವಳೂ ಅವಳೇ.

ಬಸ್ಸಿನಲ್ಲಿ ನನ್ನನ್ನು ನೋಡಿ ಕಂಡಕ್ಟರ್, "ಪರೀಕ್ಷಾ ಇಲ್ಲೇನಬೇ ತಂಗಿ ಇವತ್ತ?" ಎಂದು ಕೇಳಿದ. ಐತಿ ಅಂದೆ. ಆತ ಡ್ರೈವರನ ಹಿಂದಿನ ಸೀಟು ಬಿಡಿಸಿ ಕೂರಿಸಿದ. ಬೆಳಿಗ್ಗೆ ಕಾಕಿಯ ಕೈಯಿಂದ ಬುತ್ತಿ ತೆಗೆದುಕೊಂಡವನು, ಅವಳ ಕಣ್ಣು ನೋಡಿರಬೇಕು.

ದಾರಿಯುದ್ದಕ್ಕೂ ನಾನು ಬೇಡಿಕೊಂಡದ್ದು ಒಂದೇ, ನನ್ನ ಎಣಿಕೆ ತಪ್ಪಾಗಲಿ. ಮನೆಗೆ ಹೋದಾಗ ಅವ್ವ ಬಾಗಿಲಲ್ಲಿ ನಿಂತು, ಪರೀಕ್ಷೆ ಬಿಟ್ಟು ಬಂದೆಯಾ ಎಂದು ಚಪ್ಪಲಿ ತಗೊಂಡು ಹೊಡೆಯಲಿ. ಊರಲ್ಲಿ ಎಲ್ಲರೂ ನಗಲಿ. ಕಲಘಟಗಿಯಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದ. ಆ ಚಹಾಕ್ಕೆ ನಾನು ಹಾಕಿದ ಶಾಪ ಯಾವ ಶತ್ರುವಿಗೂ ಹಾಕಿಲ್ಲ. ಎರಡು ಗಂಟೆಗೆ ಹಳಿಯಾಳದಲ್ಲಿ ಪ್ರಶ್ನೆಪತ್ರಿಕೆ ಹಂಚುತ್ತಿರುತ್ತಾರೆ ಎಂಬುದು ನೆನಪಾಯಿತು. ಅಪ್ಪನ ಮೇಲೆ, ಕಾಕಿಯ ಮೇಲೆ, ಸತ್ತಿರಬಹುದಾದ ಅವ್ವನ ಮೇಲೂ ಸಿಟ್ಟು ಉಕ್ಕಿ ಬಂತು. ಊರು ಮುಟ್ಟಿದ ಕೂಡಲೇ ಎಲ್ಲರೆದುರು ಅಪ್ಪನನ್ನು ಕೇಳಬೇಕಾದ ಮಾತುಗಳನ್ನು ಮುಂಡಗೋಡ ದಾಟುವವರೆಗೂ ಜೋಡಿಸುತ್ತ ಕೂತಿದ್ದೆ.

ನಮ್ಮೂರಿನ ಕ್ರಾಸಿನಲ್ಲಿ ಇಳಿದಾಗಲೇ ಭಜನೆ ಕೇಳಿಸಿತು. ನಮ್ಮ ಓಣಿಯ ಕಡೆಯಿಂದ.

ಅಂಗಳದಲ್ಲಿ ಅವ್ವನನ್ನು ಕೂರಿಸಿದ್ದರು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆ ತುಂಬ ವಿಭೂತಿ, ಹಸಿರು ಸೀರೆ, ಕೈತುಂಬ ಬಳೆ, ಉಡಿಯಲ್ಲಿ ಅಕ್ಕಿ, ಕುಬ್ಬಸದ ಕಣ. ಬೆನ್ನಿಗೆ ಆಧಾರ ಕೊಟ್ಟಿದ್ದರೂ ತಲೆ ಒಂದಿಷ್ಟು ವಾಲಿತ್ತು. ಮುಖ ಇಷ್ಟೇ ಇಷ್ಟಾಗಿತ್ತು. ದೀಪಾವಳಿಯಲ್ಲಿ ನಾನು ಬಿಟ್ಟುಹೋದ ಅವ್ವ ಅದಾಗಿರಲಿಲ್ಲ, ಆದರೂ ಅವಳೇ. ಎತ್ತಲು ನಾಲ್ಕು ಜನ ಆಗಲೇ ಪಂಚೆ ಬಿಗಿದು ನಿಂತಿದ್ದರು.

ಮೊದಲು ನೋಡಿದವಳು ಕಾಕಿ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಜನೆಯ ತಾಳ ನಿಂತಿತು. ಅಷ್ಟೂ ಜನ ನನ್ನ ಕಡೆ ತಿರುಗಿ, ತಿರುಗಿದ ಕೂಡಲೇ ನೆಲ ನೋಡಿದರು. ಅಪ್ಪ ಎದ್ದು ಬಂದ.

"ಯಾರ ಹೇಳಿದ್ರು ನಿನಗ?"

ನಾನು ಕಾಕಿಯ ಕಡೆ ನೋಡಲಿಲ್ಲ. ಯಾರೂ ಹೇಳಿಲ್ಲ ಅಂದೆ. ಅದು ನಿಜವೂ ಆಗಿತ್ತು.

ಅಪ್ಪ ಇನ್ನೂ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ನನ್ನ ಎರಡೂ ರಟ್ಟೆ ಹಿಡಿದುಕೊಂಡು, ಬೇಡುವವನ ದನಿಯಲ್ಲಿ ಕೇಳಿದ. "ಪರೀಕ್ಷಾ? ಬರ್ದು ಬಂದಿ, ಹೌದಿಲ್ಲೋ?"

ಪೇಪರು ಬೆಳಿಗ್ಗೆಯೋ ಮಧ್ಯಾಹ್ನವೋ ಅವನಿಗೆ ಗೊತ್ತಿರಲಿಲ್ಲ. ಇತಿಹಾಸವೋ ಇನ್ನೊಂದೋ ಅದೂ ಗೊತ್ತಿರಲಿಲ್ಲ. ಇಷ್ಟು ತಿಂಗಳು ಹೆಂಡತಿಗೆ ಕೊಟ್ಟ ಮಾತು ಉಳಿಸಿಕೊಂಡು ಬಂದಿದ್ದ, ಅಷ್ಟೇ. ದಾರಿಯಲ್ಲಿ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವನ ಹೆಗಲ ಮೇಲಿಂದ ಅವ್ವನ ಮುಖ ಕಾಣುತ್ತಿತ್ತು.

"ಹೂಂ. ಬರ್ದು ಬಂದೆ."

"ಹೆಂಗಾತು?"

"ಛಲೋ ಆತಪ್ಪ."

ಅಪ್ಪ ನನ್ನ ಕೈ ಬಿಟ್ಟು ಅವ್ವನ ಹತ್ತಿರ ಹೋದ. ಮೊಣಕಾಲೂರಿ, ವಾಲಿದ ಅವಳ ತಲೆಯನ್ನು ಅಂಗೈಯಿಂದ ನೆಟ್ಟಗೆ ಮಾಡಿ, ಕಿವಿಯ ಹತ್ತಿರ ಬಾಗಿದ. "ಕೇಳಿದೇನ? ಬರ್ದು ಬಂದಾಳ. ಛಲೋ ಆತಂತ," ಅಂದ.

ಆಮೇಲೆ ಎತ್ತಿದರು.