ಉಪ್ಪುನೀರಿಗಿಳಿದ ಎಣ್ಣೆಜಡೆ

ನಮ್ಮ ಮನೆಯಲ್ಲಿ ಆ ಕಥೆ ಹೊರಡುವುದು ಯಾವಾಗಲೂ ಒಂದೇ ರೀತಿ. ಬಂದವರು ಕಾಫಿ ಲೋಟ ಕೆಳಗಿಟ್ಟು, ನನ್ನ ಬೆನ್ನ ಮೇಲೆ ಕಣ್ಣಾಡಿಸಿ, "ಈಗಿನ ಕಾಲದಲ್ಲೂ ಇಷ್ಟುದ್ದ ಜಡೆ ಇಟ್ಕೊಂಡಿದಾಳಲ್ಲ" ಅಂದರೆ ಸಾಕು. ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾಳೆ.

"ಆ ಜಡೆಯಿಂದಾನೇ ಇವಳು ಉಳಿದಿದ್ದು. ಸಮುದ್ರದಲ್ಲಿ ಮುಳುಗ್ಹೋಗ್ತಿದ್ಲು. ಇವಳ ಅಕ್ಕ ಜಡೆ ಹಿಡಿದೋಳು ಬಿಡ್ಲೇ ಇಲ್ಲ. ಕೂದ್ಲು ಮೋಟು ಮಾಡ್ಕೊಂಡಿದ್ದಿದ್ರೆ ಏನನ್ನ ಹಿಡೀತಿದ್ಲು, ಹೇಳಿ?"

ಬಂದವರು ತಲೆಯಾಡಿಸುತ್ತಾರೆ. ಅಕ್ಕ ಅಡುಗೆಮನೆಗೆ ಹೋಗುತ್ತಾಳೆ. ನಾನು ಬಾಯಿ ಹಾಕುತ್ತೇನೆ. ಕಾಲೇಜಿನ ಅಷ್ಟೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ಮಾತನ್ನು ಬಿಡಿಬಿಡಿಯಾಗಿ ಬಿಚ್ಚಿಡುವುದನ್ನೇ ಕಲಿತವಳು ನಾನು. "ಅಜ್ಜಿ, ಮೋಟು ಕೂದಲಿದ್ದಿದ್ರೆ ಹಿಡಿಯೋ ಅಗತ್ಯಾನೇ ಬರ್ತಿರ್ಲಿಲ್ಲ. ಸಿಕ್ಕಾಕ್ಕೊಂಡಿದ್ದೇ ಜಡೆ. ಅಪಾಯ ತಂದಿದ್ದಕ್ಕೇ ಕಾಪಾಡ್ತು ಅಂತ ಹೆಸರು ಕೊಡ್ತೀಯಲ್ಲ!"

"ನೋಡಿ, ಬದುಕಿರೋದಕ್ಕೆ ವಾದ ಮಾಡ್ತಿದಾಳೆ" ಎಂದು ಅಜ್ಜಿ ಗೆದ್ದುಬಿಡುತ್ತಾಳೆ. ಎಲ್ಲರೂ ನಗುತ್ತಾರೆ.

ಅಜ್ಜಿಯ ಮೊದಲ ಮಾತನ್ನು ನಾನು ಹೀಗೆ ಹತ್ತಾರು ಸಲ ಕೆಡವಿದ್ದೇನೆ. "ಹಿಡಿದೋಳು ಬಿಡ್ಲೇ ಇಲ್ಲ" ಎಂಬ ಎರಡನೆಯ ಮಾತನ್ನು ಮಾತ್ರ ಒಂದು ಸಲವೂ ಮುಟ್ಟಿಲ್ಲ. ಅದು ಸುಳ್ಳು ಎಂದು ನನ್ನ ತಲೆಯ ಚರ್ಮಕ್ಕೆ ಗೊತ್ತು. ಯಾಕೆ ಸುಳ್ಳು ಎಂಬುದು ಗೊತ್ತಿಲ್ಲ. ತಿಳಿಯಲು ಭಯ.

ಎರಡು ವರ್ಷದ ಹಿಂದಿನ ಚಳಿಗಾಲ. ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಆಗ ಅವಳಿಗೆ ಈಜು ಬರುತ್ತಿರಲಿಲ್ಲ. ಆದರೂ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ದ್ವೀಪದ ಹತ್ತಿರ ಸ್ನಾರ್ಕ್ಲಿಂಗ್ ಮಾಡಿಸುವ ಏರ್ಪಾಡು ಅವಳದೇ. "ನೀನು ಇಳಿ, ನಾನು ಬೋಟಲ್ಲಿ ಕೂತ್ಕೊಂಡು ನಿನ್ನ ಕಾಯ್ತೀನಿ" ಅಂದಿದ್ದಳು. ಮುಖಕ್ಕೆ ಮಾಸ್ಕ್ ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿ, ನೀರ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನ ಮೀನು ನೋಡುವುದು. ಬಸವನಗುಡಿಯ ಈಜುಕೊಳದಲ್ಲಿ ಮೂರು ವರ್ಷ ಕೈಕಾಲು ಬಡಿದಿದ್ದ ನನಗೆ ಅದೇನು ಮಹಾ ಅನ್ನಿಸಿತ್ತು.

ಮನೆಯಲ್ಲಿ ಎದ್ದ ಪ್ರಶ್ನೆ ಜೀವದ್ದಲ್ಲ, ಕೂದಲಿನದು. ನನ್ನ ಕೂದಲು ಸೊಂಟ ದಾಟುತ್ತದೆ. ಈಜುಕೊಳದ ಟೋಪಿಯೊಳಗೆ ಅದು ಯಾವತ್ತೂ ಪೂರ್ತಿ ಹಿಡಿದದ್ದಿಲ್ಲ. ಕೊಳಕ್ಕಿಳಿಯುವ ಮೊದಲು ನಲ್ಲಿ ಕೆಳಗೆ ನಿಂತು ಕೂದಲನ್ನು ಚೆನ್ನಾಗಿ ನೆನೆಸಿಬಿಡುತ್ತಿದ್ದೆ. ಸಿಹಿನೀರು ಕುಡಿದ ಕೂದಲು ಔಷಧಿ ನೀರನ್ನು ಕಡಿಮೆ ಹೀರುತ್ತದೆ ಎನ್ನುವುದು ನನ್ನ ತರ್ಕ. ಸಮುದ್ರಕ್ಕೆ ಏನು ಮಾಡಬೇಕೆಂದು ಫೋನಿನಲ್ಲಿ ಹುಡುಕಿದೆ. ಮೊದಲು ಸಿಹಿನೀರಲ್ಲಿ ನೆನೆಸಿ, ಎಣ್ಣೆ ಸವರಿ, ಬಿಗಿಯಾಗಿ ಹೆಣೆಯಿರಿ ಎಂದು ಎಲ್ಲರೂ ಬರೆದಿದ್ದರು. ಅಜ್ಜಿಗೆ ಓದಿ ಹೇಳಿದೆ.

"ಮೂರು ತಲೆಮಾರಿಂದ ನಾವು ಹೇಳ್ತಿರೋದನ್ನ ನಿನ್ನ ಫೋನು ಈಗ ಹೇಳ್ತಾ?" ಅಂದಳು ಅಜ್ಜಿ.

ಅಜ್ಜಿಯೂ ಫೋನೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ಆ ಖುಷಿಯಲ್ಲಿ ನನ್ನ ಅನುಮಾನ ಮಲಗಿಬಿಟ್ಟಿತು. ಅಜ್ಜಿ ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ ಬಾಟಲಿಗೆ ತುಂಬಿದಳು. "ಜಡೆ ತುದಿ ಬಿಟ್ಕೊಂಡಿದ್ರೆ ಉಪ್ಪು ಅಲ್ಲಿಂದಾನೇ ಒಳಗೆ ಹೋಗತ್ತೆ" ಎಂದು ನಗರ್ತಪೇಟೆಯಿಂದ ಕುಚ್ಚು ತರಿಸಿದಳು. ಕಪ್ಪು ದಾರದ್ದು, ಕೆಳಗೆ ಮೂರು ಗೊಂಡೆಯದು, ಹಿಂದೆ ಶಾಲೆಗೆ ಹೋಗುವ ಹುಡುಗಿಯರು ಜಡೆ ತುದಿಗೆ ಸೇರಿಸಿ ಹೆಣೆಯುತ್ತಿದ್ದರಲ್ಲ, ಅದೇ. ಕೂದಲನ್ನು ಸಮುದ್ರದಿಂದ ಹೇಗೆ ಕಾಪಾಡಬೇಕೆಂದು ನಾವು ಎರಡು ದಿನ ಮಾತಾಡಿದೆವು. ತಲೆಯನ್ನು ಕೂದಲಿನಿಂದ ಹೇಗೆ ಕಾಪಾಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಅವತ್ತು ಬೆಳಿಗ್ಗೆ ಲಾಡ್ಜಿನ ಮಂಚದ ಮೇಲೆ ಕೂರಿಸಿ ಅಕ್ಕನೇ ಎಣ್ಣೆ ಹಚ್ಚಿ, ಜಡೆ ಹೆಣೆದು, ಕುಚ್ಚು ಕಟ್ಟಿದಳು. ಹಣೆಯ ಅಂಚಿನ ಸಣ್ಣ ಕೂದಲಿಗೂ ಬಿಡದೆ ಸವರಿದಳು. "ಸಾಕು ಕಣೇ, ಬಾಣಲೆಗೆ ಹಾಕ್ಬೋದು ನನ್ನ" ಅಂದೆ. "ಸುಮ್ನಿರು, ಮೀನು ಕರಿಯೋ ಊರಲ್ಲಿ ಅದನ್ನೆಲ್ಲ ಹೇಳ್ಬೇಡ" ಅಂದಳು. ಇಬ್ಬರೂ ನಕ್ಕೆವು. ಆ ನಗುವನ್ನು ನಾನು ಮರೆತಿಲ್ಲ. ನನ್ನ ಲೆಕ್ಕದಲ್ಲಿ ಅದೂ ಅವಳ ಪರವಾದ ಒಂದು ಸಾಕ್ಷಿ.

ಬೋಟಿನ ಗೈಡ್ ನನ್ನದೇ ವಯಸ್ಸಿನವನು, ಬಿಸಿಲಿಗೆ ಕೆಂಚಾದ ತಲೆ. ನನ್ನ ಜಡೆಯನ್ನು ನೋಡಿದವನೇ, "ಮೇಡಂ, ಆ ಕುಚ್ಚು ತೆಗ್ದುಬಿಡಿ. ಎಲ್ಲಾದ್ರೂ ಸಿಕ್ಕಿ ಹಾಕ್ಕೊಳ್ತದೆ" ಅಂದ.

"ಎಲ್ಲಿ ಸಿಕ್ಕಾಕ್ಕೊಳತ್ತೆ? ಲಂಗರಿನ ಹಗ್ಗ ಮುಂದುಗಡೆ ಇದೆ. ನಾವು ಇಳಿಯೋದು ಹಿಂದುಗಡೆ. ಮೋಟರ್ ಆಫ್ ಆಗಿರತ್ತೆ. ಇನ್ನೇನಿದೆ ಹೇಳಿ."

ಅವನು ಬೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಸಮುದ್ರದಲ್ಲಿ ಹಾಗೆಲ್ಲ ಹೇಳ್ಲಿಕ್ಕೆ ಬರೂದಿಲ್ಲ."

"ಅದು ಉತ್ತರ ಅಲ್ವಲ್ಲ."

"ಆಯ್ತು ಮೇಡಂ. ಜಡೆಯನ್ನ ಲೈಫ್ ಜಾಕೆಟ್ ಒಳಗಾದ್ರೂ ಹಾಕ್ಕೊಳ್ಳಿ."

ನಾನು ಗೆದ್ದೆ. ತೀರ್ಪುಗಾರರಿದ್ದಿದ್ದರೆ ಒಳ್ಳೆ ಅಂಕವನ್ನೇ ಕೊಡುತ್ತಿದ್ದರು. ಏಣಿಯ ವಿಷಯ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬೋಟಿನ ಹಿಂಬದಿಗೆ ತೂಗುಹಾಕಿದ ಕಬ್ಬಿಣದ ಏಣಿಯ ಕೆಳಗಿನ ಎರಡು ಮೆಟ್ಟಿಲು ನೀರೊಳಗಿದ್ದವು.

ನೀರಿಗಿಳಿದ ಮೇಲೆ ಐದು ನಿಮಿಷ ಸೊಗಸಾಗಿತ್ತು. ಆಮೇಲೆ ಮಾಸ್ಕಿನೊಳಗೆ ನೀರು ಬರತೊಡಗಿತು. ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟಿ ನಿಲ್ಲಬೇಕು. ನನ್ನ ಹಣೆಯ ತುಂಬ ಎಣ್ಣೆ, ಎಣ್ಣೆಗಂಟಿದ ಕೂದಲು. ಒಂದು ಕೂದಲೆಳೆ ಹಾದುಹೋದ ಜಾಗ ಸಾಕು, ನೀರಿಗೆ ದಾರಿ. ಖಾಲಿ ಮಾಡಿದೆ, ಮತ್ತೆ ತುಂಬಿತು. ಸಾಲದ್ದಕ್ಕೆ ಜಾಕೆಟ್ಟಿನೊಳಗಿನ ಜಡೆ, ಕತ್ತು ಬಗ್ಗಿಸಿದಾಗಲೆಲ್ಲ ಎಳೆಯುತ್ತಿತ್ತು. ಅದನ್ನು ಹೊರಗೆಳೆದು ಬೆನ್ನ ಹಿಂದೆ ಬಿಟ್ಟೆ. ಮೂಗಿಗೆ ಉಪ್ಪುನೀರು ಏರಿತು. ಕೆಮ್ಮುತ್ತಾ ಏಣಿಯ ಹತ್ತಿರ ಬಂದು, ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಮಾಸ್ಕ್ ಕಿತ್ತು ಕತ್ತಿಗಿಳಿಸಿದೆ.

ಆಗ ಹಿಂದಿನಿಂದ ಯಾರೋ ಜಡೆ ಜಗ್ಗಿದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಅಲೆ ಇಳಿಯಿತು, ಬೋಟಿನ ಹಿಂಭಾಗ ಇಳಿಯಿತು, ಜೊತೆಗೆ ಏಣಿಯೂ. ನನ್ನ ತಲೆ ಹಿಂದಕ್ಕೆ ಮಡಚಿ ಮುಖ ನೀರೊಳಗೆ ಹೋಯಿತು. ಕುಚ್ಚಿನ ಗೊಂಡೆಗಳು ಕೆಳಗಿನ ಮೆಟ್ಟಿಲಿಗೆ ಸುತ್ತಿಕೊಂಡಿದ್ದವು. ಲೈಫ್ ಜಾಕೆಟ್ ಎದೆಯನ್ನು ಮೇಲಕ್ಕೆ ತಳ್ಳುತ್ತಿತ್ತು, ಜಡೆ ತಲೆಯನ್ನು ಕೆಳಕ್ಕೆ ಎಳೆಯುತ್ತಿತ್ತು. ತಿರುಗೋಣವೆಂದರೆ ಕತ್ತು ಹೊರಳದು. ಕೈ ಹಿಂದೆ ಚಾಚಿದರೆ ಜಡೆ ಸಿಗುತ್ತದೆ, ತುದಿ ಸಿಗದು. ಅಲೆ ಏರಿದಾಗ ಬಾಯಷ್ಟೇ ಹೊರಗೆ, ಅದರೊಳಗೂ ನೀರು. ಮತ್ತೆ ಇಳಿತ. ನೀರಿನೊಳಗಿಂದ ಸೂರ್ಯ ಕಾಣುತ್ತಿದ್ದ, ಒಡೆದ ಬಲ್ಬಿನ ಹಾಗೆ. ಎದೆಯೊಳಗೆ ಏನೋ ಚಿಕ್ಕ ಪ್ರಾಣಿ ಸಿಕ್ಕಿಕೊಂಡು ಪರಚಿದಂತಾಯಿತು. ನನಗೆ ಆಗ ಒಂದೇ ಒಂದು ವಾದವೂ ನೆನಪಿರಲಿಲ್ಲ.

ಕೈ ಬಂತು. ಹೆಡಕಿನ ಹತ್ತಿರವೇ ಜಡೆಯನ್ನು ಹಿಡಿದು ಮೇಲಕ್ಕೆತ್ತಿತು. ಮುಖ ಹೊರಗೆ ಬಂತು. ಬೋಟಿನ ಅಂಚಿನಿಂದ ಅರ್ಧ ಮೈ ಹೊರಗೆ ಬಗ್ಗಿದ ಅಕ್ಕನನ್ನು ತಲೆಕೆಳಗಾಗಿ ನೋಡಿದೆ. "ಹಿಡ್ಕೊಂಡಿದೀನಿ, ಹಿಡ್ಕೊಂಡಿದೀನಿ ಕಣೇ!" ಎಂದು ಕಿರುಚುತ್ತಿದ್ದಳು. ಒಂದು ಉಸಿರು ಎಳೆದುಕೊಂಡೆ. ಅದನ್ನು ಇಟ್ಟುಕೊಳ್ಳದೆ "ಅಕ್ಕಾ" ಎಂದು ಕೂಗುವುದಕ್ಕೆ ಖರ್ಚು ಮಾಡಿದೆ. ಕಾಪಾಡಿದಳು ಎಂದುಕೊಂಡಿದ್ದರಿಂದ ಖರ್ಚು ಮಾಡಿದೆ.

ಬೋಟು ಈ ಕಡೆಗೆ ವಾಲಿತು. ಅಕ್ಕನ ಮುಖ ನನ್ನ ಹತ್ತಿರಕ್ಕೆ ಬಂತು, ಕಣ್ಣು ದೊಡ್ಡದಾಯಿತು.

ಕೈ ಇರಲಿಲ್ಲ.

ಎರಡನೆಯ ಸಲ ಮುಳುಗಿದ್ದೇ ನನ್ನ ನಿಜವಾದ ಭಯ. ಎದೆಯಲ್ಲಿ ಗಾಳಿಯಿಲ್ಲ, ಮೇಲೆ ಕೈಯಿಲ್ಲ. ಮೊದಲ ಸಲ ಸಮುದ್ರಕ್ಕೆ ಹೆದರಿದ್ದೆ. ಈ ಸಲ ಹೆದರಿದ್ದು ಯಾವುದಕ್ಕೆ ಎಂದು ಬರೆಯಲು ಇವತ್ತಿಗೂ ಪದ ಸಿಗುತ್ತಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ, ಎರಡು ಅಲೆಯಷ್ಟು ಇರಬೇಕು. ಆಮೇಲೆ ಕೈ ಮತ್ತೆ ಬಂತು, ಈ ಸಲ ಎರಡೂ. ಕಿತ್ತುಹೋಗುವ ಹಾಗೆ ಹಿಡಿದವು. ಗೈಡ್ ಮುಳುಗಿ ಕುಚ್ಚನ್ನು ಚಾಕುವಿನಿಂದ ಕೊಯ್ದ. ಜೊತೆಗೆ ನನ್ನ ನಾಲ್ಕು ಬೆರಳಗಲದಷ್ಟು ಕೂದಲೂ ಹೋಯಿತು.

ಬೋಟಿನಲ್ಲಿ ಮಲಗಿ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಾಗ ಅಕ್ಕ ಅಳುತ್ತಿದ್ದಳು. ಅವಳ ಅಂಗೈ ಎಣ್ಣೆಗೆ ಹೊಳೆಯುತ್ತಿತ್ತು, ಬೆರಳಿಗೆ ನನ್ನ ಕೂದಲು ಸುತ್ತಿಕೊಂಡಿತ್ತು. "ನಾನು ಬಿಡ್ಲಿಲ್ಲ. ಹಿಡಿದಿದ್ದು ಬಿಡ್ಲೇ ಇಲ್ಲ" ಎಂದು ಗೈಡಿಗೆ ಹೇಳುತ್ತಿದ್ದಳು.

ಅವನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಎದುರಿನವರು ಉತ್ತರ ಕೊಟ್ಟರೆ ಅದನ್ನು ಗುರುತು ಹಾಕಿಕೊಳ್ಳಬೇಕೆಂದು ಚರ್ಚಾಸ್ಪರ್ಧೆಯ ತಯಾರಿಯಲ್ಲಿ ನಮಗೆ ಕಲಿಸಿದ್ದರು. ಗುರುತು ಹಾಕಿಕೊಂಡೆ. ಹಾಕಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಊರಿಗೆ ಬಂದ ಮೇಲೆ ಆ ಭಯ ಬಚ್ಚಲಿಗೆ ಬಂತು. ಚೊಂಬಿನಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗ ಕಣ್ಣು ಮುಚ್ಚಲಾರೆ, ಸೀಗೆಪುಡಿ ಉರಿದರೂ ತೆರೆದೇ ಇರುತ್ತೇನೆ. ಗಾಂಧಿ ಬಜಾರಿನಲ್ಲಿ ಒಮ್ಮೆ, ವರ್ಷಗಳಿಂದ ಪರಿಚಯವಿರುವ ಹೂವಿನ ಹೆಂಗಸು "ಈ ಜಡೆಗೆ ಒಂದು ಮೊಳ ಎಲ್ಲಿ ಸಾಕಾಗತ್ತಮ್ಮ" ಎಂದು ಹಿಂದಿನಿಂದ ಅದನ್ನು ಎತ್ತಿ ನೋಡಿದಳು. ನಾನು ಕಿರುಚಿದ ಸದ್ದಿಗೆ ಬುಟ್ಟಿಯ ಮಲ್ಲಿಗೆ ಚೆಲ್ಲಿ, ಆಟೋದವನೊಬ್ಬ ಬ್ರೇಕ್ ಹಾಕಿದ. "ಏನಾಯ್ತವ್ವಾ, ಗಾಳಿ ಗೀಳಿ ಸೋಕ್ತಾ?" ಎಂದಳು ಪಾಪ.

ಹಾಗಾದರೆ ಕತ್ತರಿಸಿಬಿಡು ಎನ್ನುತ್ತಾರೆ ಗೆಳತಿಯರು. ಸರಿಯಾದ ಮಾತೇ. ಆದರೆ ಕತ್ತರಿಸಿದರೆ, ಅವತ್ತು ಅಕ್ಕನ ಕೈ ಯಾಕೆ ತಪ್ಪಿತು ಎಂಬುದಕ್ಕೆ ಮುಟ್ಟಿ ನೋಡಬಹುದಾದ ಒಂದೇ ಸಾಕ್ಷ್ಯ ಹೋಗುತ್ತದೆ.

ನಗಬೇಡಿ, ನಾನು ಪರೀಕ್ಷೆಯನ್ನೂ ಮಾಡಿದ್ದೇನೆ. ಅಜ್ಜಿಯ ಹಳೆಯ ಚೌರಿಯೊಂದಿದೆ, ವಯಸ್ಸಿನಲ್ಲಿ ಬಾಚುವಾಗ ಉದುರಿದ ತನ್ನದೇ ಕೂದಲನ್ನು ಸೇರಿಸಿಟ್ಟು ಕಟ್ಟಿಸಿಕೊಂಡದ್ದು. ಅದಕ್ಕೆ ಎಣ್ಣೆ ಹಚ್ಚಿ, ಹೆಣೆದು, ಉಪ್ಪು ಕರಗಿಸಿದ ಬಕೆಟ್ಟಿನಲ್ಲಿ ಅದ್ದಿ, ಹಿತ್ತಲ ಕಿಟಕಿಯ ಸರಳಿಗೆ ಕಟ್ಟಿ, ಮೈಯ ಭಾರವೆಲ್ಲ ಹಾಕಿ ಜಗ್ಗಿದೆ. ಬರೀ ಕೊಬ್ಬರಿ ಎಣ್ಣೆಯಾದರೆ ಕೈ ಜಾರಿತು. ಹರಳೆಣ್ಣೆ ಜಾಸ್ತಿ ಹಾಕಿದರೆ ಅಂಟಿಕೊಂಡಿತು, ಜಾರಲಿಲ್ಲ.

"ಅಯ್ಯೋ, ನನ್ನ ಚೌರೀನ ಯಾಕೇ ನೇಣು ಹಾಕಿದೀಯಾ?" ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಅಜ್ಜಿ, ಅವತ್ತು ಬಾಟಲಿಗೆ ಹರಳೆಣ್ಣೆ ಎಷ್ಟು ಹಾಕಿದ್ದೆ?"

"ಅದನ್ನೆಲ್ಲ ಯಾರು ಅಳೀತಾರೆ? ಕೈಗೆ ಬಂದಷ್ಟು."

ಹೀಗಾಗಿ ಎರಡೂ ಸಾಧ್ಯ. ಕೈ ಜಾರಿರಬಹುದು. ಅಥವಾ ಬೋಟು ವಾಲಿದಾಗ, ಈಜು ಬಾರದವಳು ತಾನೂ ಬೀಳುತ್ತೇನೆಂದು ಅಂಚು ಹಿಡಿದುಕೊಳ್ಳಲು ಕೈ ಬಿಟ್ಟಿರಬಹುದು. ನಾನಾಗಿದ್ದರೂ ಬಿಡುತ್ತಿದ್ದೆನೇನೋ. ತಪ್ಪು ಅಂತಲೂ ಹೇಳಲಾರೆ. ಆದರೂ ಒಂದು ನನ್ನನ್ನು ಮಲಗಲು ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ.

ಅಲ್ಲಿಂದ ಬಂದ ಮೂರನೆಯ ತಿಂಗಳಿಗೆ ಅಕ್ಕ ಯಾರಿಗೂ ಹೇಳದೆ ನಮ್ಮ ಈಜುಕೊಳಕ್ಕೆ ಸೇರಿದಳು. ಮೂಗಿಗೆ ನೀರು ಹೋಗಿ, ಕಣ್ಣು ಕೆಂಪಾಗಿ, ಚಿಕ್ಕ ಮಕ್ಕಳ ಮಧ್ಯೆ ಹಲಗೆ ಹಿಡಿದು ಕಾಲು ಬಡಿದು ಕಲಿತಳು. ಈಗ ಆಳದ ಕಡೆಯಲ್ಲೂ ಈಜುತ್ತಾಳೆ. ಇದನ್ನು ಯಾವ ಪಕ್ಷದ ಸಾಕ್ಷಿಯಾಗಿ ಬರೆದುಕೊಳ್ಳಲಿ?

ಮೊನ್ನೆ ಭಾನುವಾರ ಬೆಳಿಗ್ಗೆ ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು, ತಾನು ಮೇಲಿನ ಮೆಟ್ಟಿಲಲ್ಲಿ ಕೂತು, ಎಣ್ಣೆ ಹಚ್ಚುತ್ತಿದ್ದಳು. ಅಜ್ಜಿಯ ಕೈ ಈಗ ನೋಯುತ್ತದೆ. ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ.

"ಮುಂದಿನ ತಿಂಗಳು ಮತ್ತೆ ಹೋಗೋಣ. ಅದೇ ಜಾಗ" ಅಂದಳು. "ಕುಚ್ಚಿಲ್ಲ, ಹಣೆಗೆ ಎಣ್ಣೆ ಇಲ್ಲ. ಜಡೇನ ಎರಡು ಮಡಿಕೆ ಮಾಡಿ ಬಟ್ಟೆ ಸುತ್ತಿ ಜಾಕೆಟ್ ಒಳಗೆ ಪಿನ್ ಹಾಕ್ತೀನಿ. ನಾನೂ ನೀರಿಗಿಳೀತೀನಿ. ನಿನ್ನ ಪಕ್ಕಾನೇ ಇರ್ತೀನಿ."

ನಾನು ಪಕ್ಕದಲ್ಲಿದ್ದ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದೆ.

"ಹೀಗೇ ಇದ್ಬಿಟ್ರೆ ಇನ್ಯಾವತ್ತೂ ನೀರಿಗಿಳಿಯಲ್ಲ ನೀನು. ಚೊಂಬಿಗೂ ಹೆದರ್ತೀಯ, ನಂಗೊತ್ತು." ಮೂರು ಕಾಲು ಮಾಡಿದ ಕೂದಲನ್ನು ಒಟ್ಟಿಗೆ ಸೇರಿಸಿ ಹೆಡಕಿನ ಹತ್ತಿರ ಮುಷ್ಟಿಯಲ್ಲಿ ಹಿಡಿದಳು, ಸರಿಯಾಗಿ ಅದೇ ಜಾಗದಲ್ಲಿ. "ನಂಬು ಕಣೇ. ನಾನಿದೀನಲ್ಲ. ಬೋಟಿನವರಿಗೆ ನಮ್ಮಿಬ್ಬರ ಹೆಸರು ಕೊಡ್ಲಾ?"

ಹೂಂ ಅನ್ನಲು ಬಾಯಿ ತೆರೆದೆ. ಆ ಮುಷ್ಟಿಯೊಳಗಿದ್ದುಕೊಂಡೇ ಕೇಳಿಬಿಟ್ಟೆ:

"ಅಕ್ಕ, ಅವತ್ತು ಮಧ್ಯದಲ್ಲಿ ಒಂದ್ಸಲ ನಿನ್ನ ಕೈ ಇರ್ಲಿಲ್ಲ. ಎಣ್ಣೆಗೆ ಜಾರ್ಹೋಯ್ತೋ, ನೀನೇ ಬಿಟ್ಯೋ?"