ಹೊರೆಯ ಕೆಳಗಿನ ಮಾತು ಬಲ್ಲ ಮೊಗಲಪ್ಪ

ತಾಂಡೂರು ಸ್ಟೇಷನ್ನಿನ ಹಿಂದಿನ ಕಲ್ಲಿನ ಅಂಗಳದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಮಾಲಿ ಮೊಗಲಪ್ಪ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದಾನೆ. ಠಣ್ ಅಂದರೆ ಕಲ್ಲು ಗಟ್ಟಿ, ದಬ್ ಅಂದರೆ ಒಳಗೆಲ್ಲೋ ಬಿರುಕು. ಇವತ್ತು ಮಾತ್ರ ಒಂದೇ ಕಲ್ಲನ್ನು ನಾಲ್ಕು ಸಲ ತಟ್ಟಿದ್ದಾನೆ, ಅವನ ಕಿವಿ ಠಾಣೆಯ ದಾರಿಯ ಕಡೆಗಿದೆ.

"ನಿದ್ದಿ ಹತ್ತಿಲ್ಲರಿ," ಅನ್ನುತ್ತಾನೆ. "ನಾ ಒಂದು ಮಾತು ಅಂದ್ರ ಆ ಮನಿಷ್ಯಾ ಉಳೀತಾನ, ಇನ್ನೊಂದು ಅಂದ್ರ ಹೋಗ್ತಾನ. ಕಲ್ಲು ಹೊರಾಂವನ ನಾಲಗಿ ಮ್ಯಾಲ ಇಂಥಾ ಭಾರ ಯಾಕ ಹೇರಿದ್ರೋ."

ಜಗತ್ತಿನ ಎರಡನೆಯ ದೊಡ್ಡ ಲಡಾಯಿ ಶುರುವಾಗಿ ಇದು ಮೂರನೆಯ ವರ್ಷ. ಮೂರು ದಿನದ ಹಿಂದೆ ವಾಡಿ ಕಡೆಯ ಗಾಡಿಯಿಂದ ಕೆಂಚು ಗಡ್ಡದ ಬಿಳಿಯ ಮನುಷ್ಯನೊಬ್ಬ ಇಲ್ಲಿ ಇಳಿದ. ಕೈಯಲ್ಲಿ ಕಾಗದವಿಲ್ಲ, ಕೇಳಿದರೆ ಬಾಯಿ ಬಿಡುವುದಿಲ್ಲ. ಯುದ್ಧಕೈದಿಗಳ ಕ್ಯಾಂಪಿನಿಂದ ತಪ್ಪಿಸಿಕೊಂಡ ಇಟಲಿಯ ಕೈದಿ ಇರಬೇಕೆಂದು ಕೆಲವರ ಗುಮಾನಿ. ಬುಖಾರಾ ಕಡೆಯಿಂದ ಓಡಿಬಂದ ಬಡಪಾಯಿ ಎಂದು ಉಳಿದವರು. ಹತ್ತರ ಗಾಡಿಗೆ ಇಬ್ಬರು ಸಿಪಾಯಿಗಳು ಬರುತ್ತಾರೆ. ಅಷ್ಟರೊಳಗೆ ತೀರ್ಮಾನವಾಗದಿದ್ದರೆ ಇಟಲಿಯವನೆಂದೇ ಬರೆದು ಅವರ ಕೈಗೆ ಒಪ್ಪಿಸುವುದೆಂದು ಠಾಣೆಯ ಅಮೀನ್ ಸಾಹೇಬರು ಹೇಳಿಬಿಟ್ಟಿದ್ದಾರೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈ ಸೀಮೆಯನ್ನೆಲ್ಲ ಜಾಲಾಡಿದರೂ ಇಟಲಿಯ ಮಾತು, ಉಜ್ಬೆಕ್ ಮಾತು ಎರಡನ್ನೂ ಕೇಳಿ ಗುರುತು ಹಿಡಿಯುವ ಆಸಾಮಿ ಈ ಮೊಗಲಪ್ಪ ಒಬ್ಬನೇ. ಅವನಿಗೋ ಯಾವ ಭಾಷೆಯಲ್ಲೂ ಸಹಿ ಹಾಕಲು ಬರುವುದಿಲ್ಲ!

ಮೊಗಲಪ್ಪನದು ಬಶೀರಾಬಾದ್ ಹತ್ತಿರದ ಕುರಿ ಕಾಯುವ ಮನೆತನ. ಇಪ್ಪತ್ತರ ವಯಸ್ಸಿಗೆ ಈ ಅಂಗಳಕ್ಕೆ ಬಂದವನಿಗೆ ಈಗ ಐವತ್ತು. ಒಂದೊಂದು ಫರಸಿ ನಾಲ್ಕು ಮಣ ತೂಕ. ಹಗ್ಗ ಬಿಗಿದು, ಬಿದಿರಿನ ಬೊಂಬಿಗೆ ಹಾಕಿ, ನಾಲ್ಕು ಜನ ಹೊತ್ತು ವ್ಯಾಗನ್ನಿಗೆ ನೂರಾ ಹತ್ತು ಹೆಜ್ಜೆ ನಡೆಯಬೇಕು. ದಿನಕ್ಕೆ ಅರವತ್ತು ಕಲ್ಲು. ಹೆಂಡತಿ ಮರೆಮ್ಮ ದಿನಾ ಸಂಜೆ ಅವನ ಹೆಗಲಿಗೆ ಬಿಸಿ ಎಣ್ಣೆ ತಿಕ್ಕುತ್ತಾಳೆ, ತಿಕ್ಕುತ್ತಲೇ ಬೈಯುತ್ತಾಳೆ.

ಈ ಹಮಾಲರಲ್ಲಿ ಒಂದು ಕಟ್ಟುನಿಟ್ಟಾದ ರಿವಾಜು ಉಂಟು. ಮುಂದಿನ ಬಲಮೂಲೆ ಹೊತ್ತವನು ಹೆಜ್ಜೆ ಎಣಿಸಬೇಕು, ಉಳಿದ ಮೂವರು ಅವನ ದನಿಗೆ ಕಾಲು ಹಾಕಬೇಕು. ಎಣಿಸುವುದು ಅವನವನ ತಾಯಿಮಾತಿನಲ್ಲೇ. ಕನ್ನಡವೋ ತೆಲುಗೋ ಮರಾಠಿಯೋ, ಯಾರೂ ಬೇಡ ಅನ್ನುವುದಿಲ್ಲ, ಆದರೆ ಎರವಲು ಮಾತು ಕೂಡದು. ಒಮ್ಮೆ ಮೊಗಲಪ್ಪನೇ ಜಂಬಕ್ಕೆ ಇಟಲಿಯ ಮಾತಿನಲ್ಲಿ ಎಣಿಸಲು ಹೋಗಿ, ಐದಕ್ಕೆ ತಡವರಿಸಿ, ಎಡಗಾಲಿನ ಕಿರುಬೆರಳು ಕಳೆದುಕೊಂಡಿದ್ದಾನೆ.

ಆ ಮಾತು ಕಲಿಸಿದ್ದು ಫರಸಿ ಸಾಹೇಬ. ಹೈದರಾಬಾದಿನ ಹವೇಲಿಗಳಿಗೆ ನೆಲಹಾಸಿನ ಕಲ್ಲು ಆರಿಸಲು ಬಂದ ಈ ಇಟಲಿಯವನು ನಾಲ್ಕು ವರ್ಷ ಇಲ್ಲೇ ಇದ್ದ. ಮರೆಮ್ಮನ ಜೋಳದ ರೊಟ್ಟಿ ಉಂಡ. ಅವನ ದೇಶ ಲಡಾಯಿಗೆ ಇಳಿದ ವಾರವೇ ಅವನನ್ನು ಇದೇ ಪ್ಲಾಟ್‌ಫಾರ್ಮಿನಿಂದ ಹಿಡಿದುಕೊಂಡು ಹೋದರು. ಇನ್ನೊಬ್ಬ ಎರ್ಗಶ್, ಬುಖಾರಾ ಕಡೆಯ ಉಜ್ಬೆಕ್. ಎರಡು ವರ್ಷ ಮೊಗಲಪ್ಪನ ಜೊತೆ ಕಲ್ಲು ಹೊತ್ತು, ಹಜ್ ಮಾಡುತ್ತೇನೆಂದು ಮುಂಬಯಿಗೆ ಹೊರಟುಹೋದ.

"ಎರಡೂ ಬ್ಯಾರೆ ಬ್ಯಾರೆ ಮಣ್ಣರಿ," ಅನ್ನುತ್ತಾನೆ ಮೊಗಲಪ್ಪ. "ಎರ್ಗಶ್‌ನ ಮಾತು ನಮ್ಮ ಮಾತಿನಂಗ ನಡೀತದ. ನಾ, ರೊಟ್ಟಿ, ತಿಂದೆ. ಮಾಡೂ ಕೆಲಸ ಕಡೀಕ. ಸಾಹೇಬಂದು ಉಲ್ಟಾ, ಮೊದಲ ತಿಂತಾನ, ಆಮ್ಯಾಲ ರೊಟ್ಟಿ ಹೆಸರು ಹೇಳ್ತಾನ. ಸಾಹೇಬಗ ಕಲ್ಲು ಹೆಣ್ಣು, ಅಮೃತಶಿಲಿ ಗಂಡು. ಎರ್ಗಶ್‌ಗ ಹೆಂಡ್ತಿನೂ 'ಊ', ಅಣ್ಣನೂ 'ಊ', ಅಕಿ-ಅಂವಾ ಅನ್ನೂ ಭೇದಾನ ಇಲ್ಲ. ಅಂವಾ ನಾನ್ ರೊಟ್ಟಿಗ ನೋನ್ ಅಂತಾನ, ಚಾಕ ಚೋಯ್ ಅಂತಾನ, ನಮ್ಮ ಬಜಾರದಾಗಿನ ಮಾತೇ. ಸಾಹೇಬನ ಮಾತು ಮಾತ್ರ ಬಾಯಿ ತೆರಕೊಂಡೇ ಮುಗೀತದ, ತೆಲುಗಿನವರಂಗ."

ಎಂಟು ಹೊಡೆಯುವ ಹೊತ್ತಿಗೆ ಅಮೀನರು ಬರುತ್ತಾರೆ. ಹಿಂದೆ ಆ ಮನುಷ್ಯ, ಕೈಗೆ ಹಗ್ಗ. ಮೊಗಲಪ್ಪ ಇಟಲಿಯ ಮಾತಿನಲ್ಲಿ ಕ್ಷೇಮ ಕೇಳುತ್ತಾನೆ, ಉಜ್ಬೆಕ್‌ನಲ್ಲಿ ಊರು ಕೇಳುತ್ತಾನೆ. ಮನುಷ್ಯ ಕಣ್ಣು ಸಹ ಎತ್ತುವುದಿಲ್ಲ. ಒಂಬತ್ತಾಗುತ್ತದೆ. ಅಮೀನರು ಗಡಿಯಾರ ನೋಡಿ, ಬರೆಯಲು ಮಸಿ ದೌತಿಯ ಮುಚ್ಚಳ ತೆಗೆಯುತ್ತಾರೆ.

"ಸಾಬ್ರ, ನಮ್ಮ ಜೋಡಿ ಕಲ್ಲು ಹೊರೂ ಭೀಮಶಾ ಧಾರೂರಿಗೆ ಹೋಗ್ಯಾನ, ಒಂದು ಹೆಗಲು ಕಮ್ಮಿ ಅದ," ಅನ್ನುತ್ತಾನೆ ಮೊಗಲಪ್ಪ. "ಹಗ್ಗ ಬಿಚ್ಚರಿ. ಒಂದು ಕಲ್ಲು ಹೊರಲಿ."

"ಓಡಿದ್ರ?"

"ನಾಲ್ಕು ಮಣ ಹೊತ್ತು ಎಲ್ಲಿ ಓಡ್ಯಾನ್ರಿ."

ಮನುಷ್ಯನನ್ನು ಮುಂದಿನ ಬಲಮೂಲೆಗೆ ನಿಲ್ಲಿಸುತ್ತಾರೆ. ಮೊಗಲಪ್ಪ ಅವನ ಬೆನ್ನ ಹಿಂದೆ. ಕಲ್ಲು ಏಳುತ್ತದೆ. ಎಣಿಸುವವರಿಲ್ಲ, ಕಾಲುಗಳು ತಾಳ ತಪ್ಪುತ್ತವೆ, ಕಲ್ಲು ಒಂದು ಕಡೆ ವಾಲುತ್ತದೆ. ಕೆಳಗೆ ಎಂಟು ಪಾದ, ಮುಂದಿನವನು ಎಣಿಸದಿದ್ದರೆ ಜಜ್ಜಿಹೋಗುತ್ತವೆ. ಮೊಗಲಪ್ಪನ ಹೆದರಿಕೆ ಕಲ್ಲಿನದಲ್ಲ. ಸಾಹೇಬ ಒಂದಕ್ಕೆ ಅನ್ನುತ್ತಿದ್ದ 'ಊನೋ' ಕೇಳಿಬಿಟ್ಟರೆ ಏನು ಗತಿ ಅನ್ನುವುದು. ಯಪ್ಪಾ ಮೈಲಾರಲಿಂಗ, ಅದೊಂದು ಕೇಳಿಸಬ್ಯಾಡ ಎಂದು ಹಲ್ಲು ಕಚ್ಚಿ ಬೇಡಿಕೊಳ್ಳುತ್ತಾನೆ.

"ಬಿರ್," ಅನ್ನುತ್ತದೆ ಮುಂದಿನ ಹೆಗಲು, ಉಸಿರು ಕಟ್ಟಿದ ದನಿಯಲ್ಲಿ. "ಇಕ್ಕಿ. ಉಚ್."

ಎರ್ಗಶ್ ಎಣಿಸುತ್ತಿದ್ದ ಅದೇ ಒಂದು, ಎರಡು, ಮೂರು. ನಾಲ್ಕೂ ಜೋಡಿ ಕಾಲು ಒಂದಾಗುತ್ತವೆ. ನೂರಾ ಹತ್ತು ಹೆಜ್ಜೆ ಆ ದನಿ ಒಮ್ಮೆಯೂ ತಡವರಿಸುವುದಿಲ್ಲ. ಕಲ್ಲು ಇಳಿಸಿದ ಮೇಲೆ ಮನುಷ್ಯ ನೆಲಕ್ಕೆ ಕುಸಿದು, ಮೂರು ದಿನದಲ್ಲಿ ಮೊದಲ ಸಲ ತಾನಾಗಿಯೇ ಏನನ್ನೋ ಬೇಡಿ 'ಸುವ್' ಅನ್ನುತ್ತಾನೆ. ಮೊಗಲಪ್ಪ ಓಡಿಹೋಗಿ ನೀರು ತರುತ್ತಾನೆ. ತಾನು ಯಾವ ದೇಶದವನೆಂದು ಗೊತ್ತಾದರೆ ವಾಪಸು ಗಡಿ ದಾಟಿಸಿ ಕೊಲ್ಲಿಸುತ್ತಾರೆಂದು ಹೆದರಿ ಬಾಯಿ ಹೊಲಿದುಕೊಂಡಿದ್ದನಂತೆ ಪಾಪ, ನೀರು ಕುಡಿದ ಮೇಲೆ ಮೊಗಲಪ್ಪನಿಗೆ ಹೇಳಿದ.

"ಇದು ಇಟಲಿ ಅಲ್ಲ ಅಂತ ಹ್ಯಾಂಗ ನಂಬಲಿ?" ಅಮೀನರ ಸವಾಲು.

"ಸಾಹೇಬಂದು ಊನೋ, ದೂಎ, ತ್ರೆ. ನೀರಿಗೆ ಆಕ್ವಾ. ಇವಂದು ಕೇಳಿದ್ರೆಲ್ಲ, ಒಂದಕ್ಕೊಂದು ಸಂಬಂಧ ಅದೇನ್ರಿ? ಹೊರೆ ಕೆಳಗ ಯಾರೂ ಸುಳ್ಳು ಎಣಿಸಾಂಗಿಲ್ಲರಿ, ನನ್ನ ಕಾಲು ನೋಡ್ರಿ." ಮೊಗಲಪ್ಪ ಕಿರುಬೆರಳಿಲ್ಲದ ಎಡಗಾಲು ಮುಂದಿಡುತ್ತಾನೆ.

ಅಮೀನರು ಬಗ್ಗಿ ಆ ಕಾಲನ್ನು ನೋಡಿ, ಬುಖಾರಾ ಕಡೆಯವನೆಂದು ಬರೆದುಕೊಳ್ಳುತ್ತಾರೆ. ಹತ್ತರ ಗಾಡಿ ಬರುತ್ತದೆ, ಸಿಪಾಯಿಗಳು ಚಹಾ ಕುಡಿದು ಬರಿಗೈಲಿ ಹೋಗುತ್ತಾರೆ.

ಸಾಕ್ಷಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅಮೀನರು ಖುಷಿಯಲ್ಲಿದ್ದಾರೆ. ಕಸುಬಿನ ಜಾಗದಲ್ಲಿ ದುಭಾಷಿ ಎಂದು ಬರೆಯುತ್ತೇನೆ, ಠಾಣೆಯಲ್ಲೇ ನೌಕರಿ ಕೊಡಿಸುತ್ತೇನೆ, ಇನ್ನು ಕಲ್ಲು ಹೊರುವ ಕೆಲಸವಿಲ್ಲ ಅನ್ನುತ್ತಾರೆ. ಮೊಗಲಪ್ಪ ಮಸಿ ಹತ್ತಿದ ಹೆಬ್ಬೆಟ್ಟನ್ನು ಧೋತರಕ್ಕೆ ಒರೆಸಿಕೊಳ್ಳುತ್ತಾನೆ.

"ಹಮಾಲಿ ಅಂತಷ್ಟ ಬರೀರಿ ಸಾಬ್ರ. ಇವತ್ತು ಇಂವಾ ಬಿರ್ ಅಂದ, ಉಳದ. ನಾಳಿ ಒಬ್ಬಾಂವ ಊನೋ ಅಂದ್ರ? ನನಗ ಆ ಮಾತು ಕಲಿಸಿದಾಂವ ಎದುರಿಗೆ ಕುಂತು ರೊಟ್ಟಿ ಉಂಡಾನ್ರಿ. ಅದ ಮಾತಿಲೇ ಅವರ ಮಂದೀನ ಹಿಡದು ಕೊಡಾಕ ನನ್ನ ಕೈಲೆ ಆಗಾಂಗಿಲ್ಲ. ಕಲ್ಲು ಹೊರಾಕ ಕರೀರಿ, ಬರ್ತೀನಿ."