ಸದ್ದಿಲ್ಲದ ಒಂದು ಚೌಕ

ಹಿನ್ನೀರಿನ ಸೇತುವೆ ಇನ್ನೂ ಮುಗಿದಿರದ ಮಳೆಗಾಲ ಅದು. ಸಾಗರದಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಆಗ ಹದಿನೆಂಟು ವರ್ಷ ತುಂಬಿತ್ತು. ಹೊಸನಗರ, ತೀರ್ಥಹಳ್ಳಿ ಕಡೆಯವರು ಕೈಚೆಲ್ಲಿದ ಯಂತ್ರಗಳೂ ಕೊನೆಗೆ ನನ್ನ ಮೇಜಿಗೇ ಬರುತ್ತಿದ್ದವು. ಹೆಂಗಸಿನ ಕೈಯಲ್ಲಿ ಸ್ಕ್ರೂಡ್ರೈವರ್ ನೋಡಿ "ಯಜಮಾನ್ರು ಇಲ್ವಾ?" ಎಂದು ಕೇಳುವವರು ಅಷ್ಟರಲ್ಲಿ ಕಡಿಮೆಯಾಗಿದ್ದರು. "ಇದಾರೆ, ಮನೇಲಿ ಅಡುಗೆ ಮಾಡ್ತಿದಾರೆ" ಎಂಬ ನನ್ನ ಉತ್ತರ ಊರಿಗೆಲ್ಲ ಬಾಯಿಪಾಠವಾಗಿತ್ತು.

ಒಂದು ಬೆಳಿಗ್ಗೆ ಬ್ಯಾಕೋಡಿನಿಂದ ಲಾಂಚಿನಲ್ಲಿ ಹಿನ್ನೀರು ದಾಟಿ, ಬಸ್ಸು ಹಿಡಿದು, ಗಿರಿಜಾ ಎಂಬಾಕೆ ಬಂದಳು. ಊರಲ್ಲಿ ಬಟ್ಟೆ ಹೊಲಿಯುವವಳು. ರವಿಕೆ ತುಂಡುಗಳಲ್ಲಿ ಸುತ್ತಿದ್ದ ಹಳೆಯ ಲ್ಯಾಪ್‌ಟಾಪನ್ನು ಅವಳು ಬಿಚ್ಚಿಟ್ಟ ಕೂಡಲೇ ಅಂಗಡಿಯೆಲ್ಲ ಹೊಗೆಯ ವಾಸನೆ ಹರಡಿತು.

"ಎಲ್ಲಿಟ್ಟಿದ್ರಿ ಇದನ್ನ?"

"ಬಚ್ಚಲ ಒಲೆ ಮೇಲಿನ ಅಟ್ಟದಾಗೆ, ಅಕ್ಕಾ. ಕೆಳಗಿಟ್ರೆ ಬೂಷ್ಟು ಹಿಡೀತದೆ. ಅಲ್ಲಾದ್ರೆ ಬೆಚ್ಚಗಿರ್ತದೆ ಅಂತ ದಿನಾ ಕೆಲ್ಸ ಮುಗಿದ ಮೇಲೆ ಅಲ್ಲೇ ಇಡ್ತಿದ್ದೆ."

ನಮ್ಮ ಕಡೆಯ ಬುದ್ಧಿಯೇ ಇದು. ಬಿತ್ತನೆ ಬೀಜ, ಕಂಬಳಿ, ಒಳ್ಳೆಮೆಣಸು, ಬೆಲೆಬಾಳುವುದೆಲ್ಲ ಮಳೆಗಾಲಕ್ಕೆ ಅಟ್ಟ ಏರುತ್ತದೆ. ಪಾಪ, ಲ್ಯಾಪ್‌ಟಾಪಿಗೂ ಅದೇ ಮರ್ಯಾದೆ ಸಿಕ್ಕಿತ್ತು. "ಹೊಗೆ ಹಾಕೋಕೆ ಇದೇನು ಮೆಣಸಿನಕಾಳಾ?" ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ನನ್ನ ಮಗಳಿಗೆ ಮಾತು ಬರಲ್ಲ. ಅವ್ಳು ಮಾತಾಡೋದು ಇದ್ರಾಗೆ ಅಕ್ಕಾ" ಎಂದಳು.

ಮಗಳು ನಂದಿನಿಗೆ ಹತ್ತು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಹುಟ್ಟಿನಿಂದಲೇ ಕೈಕಾಲು, ನಾಲಿಗೆಯ ಸ್ನಾಯುಗಳು ಮಿದುಳಿನ ಮಾತು ಕೇಳುವುದಿಲ್ಲ. ಬುದ್ಧಿ ಮಾತ್ರ ಚುರುಕು. ಶಿವಮೊಗ್ಗದ ಥೆರಪಿಸ್ಟ್ ಒಬ್ಬರು ಯಾರೋ ದಾನ ಕೊಟ್ಟ ಲ್ಯಾಪ್‌ಟಾಪಿಗೆ ಚಿತ್ರಗಳ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದರು. ಪರದೆಯ ಮೇಲೆ ಚಿತ್ರದ ಚೌಕಗಳಿರುತ್ತವೆ; ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತವೆ. ತನಗೆ ಬೇಕಾದ ಚೌಕ ಬೆಳಗಿದಾಗ ಹುಡುಗಿ ಮೊಣಕೈಯಿಂದ ದೊಡ್ಡದೊಂದು ಬಟನ್ ಒತ್ತುತ್ತಾಳೆ. ಆಗ ಗಿರಿಜಾಳ ಧ್ವನಿಯಲ್ಲಿ "ಹಸಿವು", "ಹೊರಗೆ ಹೋಗಣ" ಎಂದು ಲ್ಯಾಪ್‌ಟಾಪ್ ನುಡಿಯುತ್ತದೆ.

ಬಿಚ್ಚಿ ನೋಡಿದರೆ ಫ್ಯಾನಿಗೆ ಇಲ್ಲಣ, ಅದೇ ಒಲೆಹೊಗೆಯ ಜಿಡ್ಡುಮಸಿ, ಮೆತ್ತಿಕೊಂಡು ಅದು ತಿರುಗುವುದನ್ನೇ ನಿಲ್ಲಿಸಿತ್ತು. ಕಾವಿಗೆ ಹಾರ್ಡ್ ಡಿಸ್ಕ್ ಕೆಟ್ಟು, ಅಲ್ಲಲ್ಲಿ ಬ್ಯಾಡ್ ಸೆಕ್ಟರ್, ಎಂದರೆ ಓದಲಾಗದೆ ಸತ್ತ ಜಾಗಗಳಾಗಿದ್ದವು. ಮೆಮೊರಿ ಎರಡೇ ಜಿಬಿ. ಈಗಿನ ಭಾರದ ಆಪರೇಟಿಂಗ್ ಸಿಸ್ಟಮ್ ಅದರ ಮೇಲೆ ಹೇರುವುದು ಮುದಿ ಎತ್ತಿಗೆ ನೊಗ ಕಟ್ಟಿದ ಹಾಗೆ. ಇಂಥವಕ್ಕೆಂದೇ ನನ್ನ ಪೆನ್‌ಡ್ರೈವ್‌ನಲ್ಲಿ ಹಗುರವಾದ ಲಿನಕ್ಸ್ ಇರುತ್ತದೆ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಯಂತ್ರ ಎಬ್ಬಿಸಿ, ಮೊದಲು ಚಿತ್ರಗಳನ್ನೂ ಧ್ವನಿಗಳನ್ನೂ ಹೊರಗೆಳೆಯತೊಡಗಿದೆ. ಸತ್ತ ಜಾಗ ಸಿಕ್ಕಲ್ಲೆಲ್ಲ ಕೆಲಸ ತೆವಳುತ್ತಿತ್ತು. ನಡುವೆ ಕರೆಂಟು ಬೇರೆ ಕೈಕೊಡುತ್ತಿತ್ತು.

ಗಿರಿಜಾ ದಿನವೂ ಫೋನ್ ಮಾಡುತ್ತಿದ್ದಳು. "ಊಟ ಬಿಟ್ಟಾಳೆ ಅಕ್ಕಾ. ಒಂದೇ ಸಮ ಕಿರುಚ್ತಾಳೆ. ಲ್ಯಾಪ್‌ಟಾಪ್ ಬೇಕಾ ಅಂದ್ರೆ ಕಣ್ಣು ಗಟ್ಟಿ ಮುಚ್ತಾಳೆ." ಹೌದು ಎನ್ನಲು ಕಣ್ಣು ಮುಚ್ಚುವುದು ನಂದಿನಿಯ ರೂಢಿ. ಮಕ್ಕಳ ಹಟ, ಮೊಬೈಲ್ ಕಿತ್ತುಕೊಂಡರೆ ನಮ್ಮ ಮನೆಯ ಮಕ್ಕಳೂ ಹೀಗೇ ಅಲ್ಲವೇ ಎಂದುಕೊಂಡೆ. "ಸ್ವಲ್ಪ ತಡ್ಕೊಳಿ, ಆಗ್ತಾ ಬಂತು" ಎಂದು ಸಮಾಧಾನ ಹೇಳಿದೆ.

ಕೆಟ್ಟ ಡಿಸ್ಕ್ ತೆಗೆದು ಬೇರೆಯದು ಕೂರಿಸಿ, ಲಿನಕ್ಸ್ ಹಾಕಿದೆ. ಹಳೆಯ ಸಾಫ್ಟ್‌ವೇರ್ ಇದರಲ್ಲಿ ಓಡಲಿಲ್ಲ. ಹುಡುಕಿ ಹುಡುಕಿ ಅದೇ ಬಗೆಯ ಮುಕ್ತ ತಂತ್ರಾಂಶವೊಂದನ್ನು ತಂದು, ಉಳಿದ ಚಿತ್ರ, ಧ್ವನಿಗಳನ್ನು ಜೋಡಿಸಿದೆ. ಚಿತ್ರಗಳೆಲ್ಲ ಸಿಕ್ಕಿದ್ದವು, ಕೆಲವು ಮಾತುಗಳ ಧ್ವನಿ ಮಾತ್ರ ಕೈಗೆ ಬರಲಿಲ್ಲ. ಅವನ್ನು ಗಿರಿಜಾ ಬಂದಾಗ ಹೊಸದಾಗಿ ರೆಕಾರ್ಡ್ ಮಾಡಿದರಾಯಿತು ಎಂದುಕೊಂಡೆ. ಈಗ ಸ್ವಿಚ್ ಒತ್ತಿ, ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಯಂತ್ರ ಎದ್ದು ಕೂರುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗಿರಿಜಾ ಮಗಳನ್ನು ಎತ್ತಿಕೊಂಡೇ ಬಂದಳು. ಹುಡುಗಿಯ ಮುಖ ಬಾಡಿತ್ತು. ಬಟನ್ ಮೊಣಕೈಗೆ ಸಿಗುವಂತಿಟ್ಟೆ. ಚೌಕಗಳು ಬೆಳಗತೊಡಗಿದವು. ಮೊದಲು "ಅಮ್ಮಾ" ಎಂದಿತು ಯಂತ್ರ. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಧ್ವನಿ ಕಳೆದುಕೊಂಡ ಒಂದು ಚೌಕದಲ್ಲಿ ಬೆಳಕು ನಿಂತಿತು. ಮತ್ತೊಂದು ಸುತ್ತು ಬಂದು ಮತ್ತೆ ಅಲ್ಲೇ. ಮತ್ತೂ ಅಲ್ಲೇ.

"ಈ ಬಟನ್ ಎಲ್ಲೋ ಅಂಟ್ಕೊಳ್ತಿದೆ" ಎಂದು ವೈರು ಕಿತ್ತು ಬೇರೆ ಪೋರ್ಟಿಗೆ ಚುಚ್ಚಿದೆ. ಬೆಳಕು ಮತ್ತೆ ಅದೇ ಚೌಕದಲ್ಲಿ ನಿಂತಿತು.

ಗಿರಿಜಾ ಪರದೆಯ ಹತ್ತಿರ ಬಗ್ಗಿದಳು. ಅಳುವ ಮಗುವಿನ ಚಿತ್ರ ಅದು.

"ಬಟನ್ ಸರಿ ಇದೆ ಅಕ್ಕಾ. ಅದು ನೋವು." ಮಗಳ ಕಡೆ ತಿರುಗಿದಳು. "ನೋವಾಗ್ತದಾ ಪುಟ್ಟೀ?"

ನಂದಿನಿ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ನಾನು ದೇಹದ ಭಾಗಗಳ ಪುಟ ತೆರೆದೆ. ಬೆಳಕು ಕಣ್ಣು ದಾಟಿತು, ಮೂಗು ದಾಟಿತು. ಮೊಣಕೈ ಬಟನ್ ಮೇಲೆ ಬಿತ್ತು. "ಕಿವಿ" ಎಂದಿತು ಯಂತ್ರ, ಎಂದೋ ನಗುನಗುತ್ತ ರೆಕಾರ್ಡ್ ಮಾಡಿದ್ದ ಗಿರಿಜಾಳ ಧ್ವನಿಯಲ್ಲಿ.

ಅಂಗಡಿಗೆ ಬೀಗ ಹಾಕಿ ಅವರೊಡನೆ ಆಸ್ಪತ್ರೆಗೆ ನಾನೂ ಹೋದೆ. ಕಿವಿಯೊಳಗೆ ಕೀವು ತುಂಬಿ ಕಿವಿತಮಟೆ ತೂತಾಗಿತ್ತು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಡಾಕ್ಟರು ಗದರಿದರು. ಗಿರಿಜಾ ತಲೆ ತಗ್ಗಿಸಿದಳು. ನನಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬಂತು. ಹುಡುಗಿ ಲ್ಯಾಪ್‌ಟಾಪ್ ಬೇಕು ಎಂದು ಕಣ್ಣು ಮುಚ್ಚಿದ್ದು ನಿಜವೇ. ಬೇಕಾಗಿದ್ದು ಈ ಒಂದು ಮಾತು ಹೇಳುವುದಕ್ಕೆ. ಔಷಧಿಯಿಂದ ಕೀವು ಒಣಗಿತು. ಆ ಕಿವಿಗೆ ಕೇಳಿಸುವುದು ಮಾತ್ರ ಕಡಿಮೆಯಾಯಿತು.

ಕಳೆದುಹೋದ ಮಾತುಗಳನ್ನು ತುಂಬಿಸಲು ಗಿರಿಜಾ ಇನ್ನೊಂದು ದಿನ ಬಂದಳು. "ಬಿಸಿನೀರು", "ಸಾಕು", "ಲೈಟ್ ಹಾಕು", ಎಲ್ಲ ಹೇಳಿದಳು. ಕೊನೆಯದಕ್ಕೆ ಬಂದಾಗ ಮೈಕ್ ನನ್ನ ಕಡೆ ಸರಿಸಿದಳು.

"ಇದೊಂದು ನೀವೇ ಹೇಳ್ಬಿಡಿ ಅಕ್ಕಾ. ನನ್ನ ಬಾಯಾಗೆ ಬರ್ತಿಲ್ಲ."

ಹೇಳಿದೆ.

ಈಗ ಯಾರು ಯಂತ್ರ ತಂದರೂ ಏನು ಕೆಟ್ಟಿದೆ ಎಂದು ಕೇಳುವುದು ಆಮೇಲೆ. ಇದಿಲ್ಲದೆ ನಿಮ್ಮ ಮನೆಯಲ್ಲಿ ಯಾರಿಗೆ ಏನು ನಿಂತುಹೋಗಿದೆ ಎಂಬುದೇ ಮೊದಲ ಪ್ರಶ್ನೆ. ಇಷ್ಟನ್ನು ಕಲಿಯಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಬ್ಯಾಕೋಡಿನ ಆ ಮನೆಯಲ್ಲಿ ಹಸಿವಿಗೂ ನಿದ್ದೆಗೂ ತಾಯಿಯ ಧ್ವನಿಯಿದೆ. ನೋವಿಗೆ ಮಾತ್ರ ನನ್ನದು. ಅದು ಅಲ್ಲಿ ಎಂದೂ ಕೇಳಿಸದಿರಲಿ. ಕೇಳಿಸಲೇಬೇಕಾದ ದಿನ ತಡವಾಗದಿರಲಿ.